ಸ್ಲೀವ್ ಆಂಕರ್, ವೆಜ್ ಆಂಕರ್, ನೈಲಾನ್ ಗಿಟ್ಟಿ: ಮೈಸೂರಿನ ಯಾವ ಗೋಡೆಗೆ ಯಾವುದು?

ಮೈಸೂರಿನ ಸಂತೆಪೇಟೆಯಲ್ಲಾಗಲಿ ಅಶೋಕ ರಸ್ತೆಯಲ್ಲಾಗಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಫಾಸ್ನರ್ ಕೊಡಿ’ ಎಂದರೆ, ಅಂಗಡಿಯವರ ಮರುಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ಎಂಎಂ?’ ಎಂಬುದೊಂದೇ. ‘ಯಾವ ಗೋಡೆಗೆ?’ ಎಂದು ಕೇಳುವವರು ಅಪರೂಪ. ಕೊರೆದ ರಂಧ್ರದೊಳಗೆ ಕೂರುವ ಆಂಕರಿನ ಮಟ್ಟಿಗೆ ಈ ಎರಡನೆಯದೇ ಮೊದಲು ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಗ್ರಹಾರದ ಹಳೆಯ ಮನೆಯೊಂದರ ದುರಸ್ತಿಯಲ್ಲಿ ಬಳಸಿದ ಆಂಕರುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಆ ಮನೆಯ ಮುಂಭಾಗದ್ದು ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯ ಗೋಡೆ. ಹಿಂಭಾಗಕ್ಕೆ ಆಮೇಲೆ ಸೇರಿಸಿದ ಕೋಣೆಗಳು ಆರು ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕಿನವು. ಅವುಗಳ ಮೇಲಿರುವುದು ಆರ್‌ಸಿಸಿ ತಾರಸಿ. ಒಂದೇ ಸೂರಿನಡಿ ಮೂರು ಬಗೆಯ ಆಧಾರ ಸಿಕ್ಕಿದ್ದರಿಂದ ಹೋಲಿಸಿ ನೋಡುವುದು ಸಾಧ್ಯವಾಯಿತು.

ಮೊದಲು ಸ್ಲೀವ್ ಆಂಕರ್. ನಮ್ಮ ಪ್ಲಂಬರುಗಳೂ ಗ್ರಿಲ್ ಕೆಲಸದವರೂ ಫಾಸ್ನರ್ ಎನ್ನುವುದು ಹೆಚ್ಚಾಗಿ ಇದನ್ನೇ. ತುದಿಯಲ್ಲಿ ಶಂಕುವಿನಂತೆ ಅಗಲವಾಗಿರುವ ಒಂದು ಬೋಲ್ಟ್, ಅದರ ಮೇಲೆ ಸೀಳಿರುವ ತೆಳು ತಗಡಿನ ಕೊಳವೆ, ಹೊರಗೆ ವಾಷರ್ ಮತ್ತು ನಟ್ಟು. ನಟ್ಟನ್ನು ಬಿಗಿಮಾಡಿದಂತೆ ಬೋಲ್ಟ್ ಹೊರಕ್ಕೆ ಸರಿಯುತ್ತದೆ, ಶಂಕು ಕೊಳವೆಯೊಳಗೆ ನುಗ್ಗುತ್ತದೆ, ಸೀಳುಗಳು ಅರಳಿ ರಂಧ್ರದ ಒಳಮೈಯನ್ನು ಬಲವಾಗಿ ಒತ್ತುತ್ತವೆ. ಬೋಲ್ಟನ್ನು ಒಳಗೆ ಹಿಡಿದಿಡುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಹೊರತು ಬೇರೇನಲ್ಲ. ಆದ್ದರಿಂದ ಉಕ್ಕು ಎಷ್ಟೇ ಗಟ್ಟಿಯಿದ್ದರೂ, ಒತ್ತಡವನ್ನು ಎದುರಿಸಿ ನಿಲ್ಲುವಷ್ಟು ಕಸುವು ಗೋಡೆಗೆ ಇಲ್ಲದಿದ್ದರೆ ಹಿಡಿತವೆಂಬುದೇ ಹುಟ್ಟುವುದಿಲ್ಲ.

ಸಾಲಿಡ್ ಬ್ಲಾಕಿನ ಗೋಡೆಯಲ್ಲಿ ಸ್ಲೀವ್ ಆಂಕರ್ ನನಗೆ ಪೂರ್ಣ ತೃಪ್ತಿ ಕೊಟ್ಟಿತು. ಎಂ 8 ಅಳತೆಯ, ಅಂದರೆ 8 ಮಿ.ಮೀ. ದಪ್ಪದ, ಬೋಲ್ಟಿಗೆ 10 ಮಿ.ಮೀ. ರಂಧ್ರ ಬೇಕು, ಎಂ 10ಕ್ಕೆ 12 ಮಿ.ಮೀ.; ಏಕೆಂದರೆ ಕೊಳವೆಯ ಹೊರ ಅಳತೆಯೇ ರಂಧ್ರದ ಅಳತೆ. ಸ್ನಾನದ ಮನೆಯ 25 ಲೀಟರ್ ಗೀಸರಿಗೆ ನೀರಿನ ತೂಕವೇ 25 ಕೆ.ಜಿ. ಆಗುತ್ತದೆ, ಅದರ ಮೇಲೆ ಗೀಸರಿನ ಸ್ವಂತ ತೂಕ. ಆದರೆ ಈ ಭಾರದ ಬಹುಪಾಲು ಗೋಡೆಗುಂಟ ಕೆಳಕ್ಕೆ ಜಗ್ಗುವುದರಿಂದ, ಬ್ಲಾಕಿನ ನಡುಭಾಗಕ್ಕೆ ಸರಿಯಾಗಿ ಕೂತ ಎರಡು ಎಂ 8 ಆಂಕರುಗಳಿಗೆ ಅದು ಹೊರೆಯೇ ಅಲ್ಲ. ಗಮನಿಸಬೇಕಾದದ್ದು ಗಾರೆಯ ಪದರವನ್ನು. ಒಳಗೋಡೆಯ ಗಾರೆ ಸಾಮಾನ್ಯವಾಗಿ 12 ಮಿ.ಮೀ. ದಪ್ಪವಿರುತ್ತದೆ, ಅದರ ಮೇಲೆ ಟೈಲ್ಸ್ ಇದ್ದರೆ ಇನ್ನೂ ಹೆಚ್ಚು. ಈ ದಪ್ಪವನ್ನು ಹಿಡಿತದ ಲೆಕ್ಕಕ್ಕೆ ಸೇರಿಸುವಂತಿಲ್ಲ. 65 ಮಿ.ಮೀ. ಉದ್ದದ ಬೋಲ್ಟಿನಲ್ಲಿ ನಟ್ಟು, ವಾಷರ್, ಪಟ್ಟಿ, ಗಾರೆ ಎಲ್ಲವನ್ನೂ ಕಳೆದರೆ ಬ್ಲಾಕಿನೊಳಗೆ ಉಳಿಯುವುದು ಸುಮಾರು 40 ಮಿ.ಮೀ. ಮಾತ್ರ. ಟೈಲ್ಸ್ ಇರುವ ಗೋಡೆಗೆ ಒಂದು ಅಳತೆ ಉದ್ದದ್ದನ್ನೇ ಕೊಳ್ಳಬೇಕು.

ಆಳದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹಣ ಖರ್ಚಿಲ್ಲದೆ ಬಲ ಸಿಗುವುದು ಇಲ್ಲಿಯೇ. ಕಾಂಕ್ರೀಟಿನಿಂದ ಆಂಕರನ್ನು ಎಳೆದು ಕಿತ್ತರೆ, ಅನೇಕ ಸಲ ಬೋಲ್ಟ್ ತುಂಡಾಗುವುದಿಲ್ಲ. ಆಂಕರಿನ ತುದಿಯಿಂದ ಮೇಲ್ಮೈಯವರೆಗೆ ಅಗಲವಾಗುತ್ತ ಬರುವ ಕಾಂಕ್ರೀಟಿನ ಶಂಕುವೊಂದು ಬೋಲ್ಟಿನ ಜೊತೆಗೇ ಕಿತ್ತುಬರುತ್ತದೆ. ಆ ಶಂಕು ಮೇಲ್ಮೈಯಲ್ಲಿ ಆಳದ ಸುಮಾರು ಮೂರು ಪಟ್ಟು ಅಗಲವಾಗುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ ಅದರ ಬಲ ಆಳದ ಒಂದೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಆಳವನ್ನು 40 ಮಿ.ಮೀ.ನಿಂದ 60 ಮಿ.ಮೀ.ಗೆ ಹೆಚ್ಚಿಸಿದರೆ ಬಲ ಸುಮಾರು 1.8 ಪಟ್ಟಾಗುತ್ತದೆ. ಎರಡು ಆಂಕರುಗಳ ನಡುವೆ ಆಳದ ಮೂರು ಪಟ್ಟು, ಕಾಂಕ್ರೀಟಿನ ಅಂಚಿನಿಂದ ಒಂದೂವರೆ ಪಟ್ಟು ದೂರ ಇರಬೇಕೆಂಬ ನಿಯಮವೂ ಇದೇ ಶಂಕುವಿನಿಂದ ಬಂದದ್ದು. ಹತ್ತಿರ ಹತ್ತಿರ ಕೊರೆದರೆ ಎರಡೂ ಬೋಲ್ಟುಗಳು ಒಂದೇ ಕಾಂಕ್ರೀಟನ್ನು ಹಂಚಿಕೊಂಡು ದುರ್ಬಲವಾಗುತ್ತವೆ.

ಟಿವಿಯ ಮಡಚುವ ಬ್ರಾಕೆಟ್ಟಿನ ಲೆಕ್ಕ ಗೀಸರಿನದಕ್ಕಿಂತ ಬೇರೆ. 20 ಕೆ.ಜಿ.ಯ ಟಿವಿಯನ್ನು ಗೋಡೆಯಿಂದ 50 ಸೆಂ.ಮೀ. ಹೊರಕ್ಕೆ ಚಾಚಿದಾಗ, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ, ಮೇಲಿನ ಸಾಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 50 ಕೆ.ಜಿ. ಭಾರಕ್ಕೆ ಸಮ. ಮಕ್ಕಳು ಅದಕ್ಕೆ ಜೋತುಬಿದ್ದರೆ ಇನ್ನೂ ಹೆಚ್ಚು. ಪೊಟ್ಟಣದ ಮೇಲೆ ಬರೆದಿರುವುದು ಕಿತ್ತುಬರುವ ಗರಿಷ್ಠ ಭಾರವಾಗಿದ್ದರೆ ಅದನ್ನು ನಾಲ್ಕರಿಂದ ಭಾಗಿಸಿ ಬಳಕೆಯ ಭಾರವೆಂದು ತಿಳಿಯುವುದು ಹಳೆಯ ರೂಢಿ, ಮನೆಯ ಕೆಲಸಕ್ಕೆ ನಾನು ಅದನ್ನು ಸಡಿಲಿಸುವುದಿಲ್ಲ.

ಒಂದು ಅಂಗಡಿಯಲ್ಲಿ ಹೆಸರಿಲ್ಲದ, ಬಿಡಿಯಾಗಿ ತೂಗಿ ಕೊಡುವ ಸ್ಲೀವ್ ಆಂಕರುಗಳೂ ಸಿಕ್ಕವು. ನೋಡಲು ಥಳಥಳಿಸುತ್ತಿದ್ದವು, ಆದರೆ ಕೊಳವೆಯ ತಗಡು ತೀರ ತೆಳುವಾಗಿತ್ತು. ಬಿಗಿಮಾಡುವಾಗ ಕೆಲವು ಬೋಲ್ಟುಗಳು ರಂಧ್ರದೊಳಗೇ ಗಿರ್ರನೆ ತಿರುಗಿದವೇ ವಿನಾ ಸೀಳು ಅರಳಲಿಲ್ಲ. ಹೆಸರುವಾಸಿ ಕಂಪನಿಯ ಆಂಕರಿನಲ್ಲಿ ಮೂರು ನಾಲ್ಕು ಸುತ್ತಿಗೇ ಬಿಗಿ ಬಂದದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಇಡೀ ಮನೆಯ ಕೆಲಸದಲ್ಲಿ ಆಂಕರಿನ ಖರ್ಚು ಎಷ್ಟು ಅಲ್ಪವೆಂದರೆ, ಇಲ್ಲಿ ಉಳಿಸಲು ಹೊರಡುವುದಕ್ಕೆ ನನಗೆ ಕಾರಣವೇ ಕಾಣುವುದಿಲ್ಲ.

ತಾರಸಿಗೆ ಮತ್ತು ಕಾಂಕ್ರೀಟ್ ಕಂಬಗಳಿಗೆ ಬಳಸಿದ್ದು ವೆಜ್ ಆಂಕರ್. ಇದರಲ್ಲಿ ಉದ್ದನೆಯ ಕೊಳವೆಯಿಲ್ಲ, ಬೋಲ್ಟಿನ ತುದಿಗೆ ಸುತ್ತಿದ ಚಿಕ್ಕ ಪಟ್ಟಿಯೊಂದಿದೆ. ಹೀಗಾಗಿ 10 ಮಿ.ಮೀ. ರಂಧ್ರದಲ್ಲಿ ಪೂರ್ತಿ ಎಂ 10 ಬೋಲ್ಟೇ ಕೂರುತ್ತದೆ, ಅಷ್ಟೇ ರಂಧ್ರಕ್ಕೆ ಸ್ಲೀವ್ ಆಂಕರಿಗಿಂತ ದಪ್ಪನೆಯ ಉಕ್ಕು ಸಿಗುತ್ತದೆ. ಭಾರ ಹೆಚ್ಚಾದಂತೆ ಶಂಕು ಇನ್ನಷ್ಟು ಒಳಸರಿದು ಪಟ್ಟಿ ಮತ್ತಷ್ಟು ಅರಳುವುದು ಇದರ ದೊಡ್ಡ ಗುಣ. ಒಳ್ಳೆಯ ಕಾಂಕ್ರೀಟಿನಲ್ಲಿ ಇದಕ್ಕಿಂತ ನಂಬಿಕಸ್ಥವಾದ ಯಾಂತ್ರಿಕ ಆಂಕರನ್ನು ನಾನು ಮನೆ ಕೆಲಸಕ್ಕೆ ಕಂಡಿಲ್ಲ. ಆದರೆ ಇದು ಕಾಂಕ್ರೀಟಿಗೆ ಮಾತ್ರ; ಇಟ್ಟಿಗೆಗೂ ಬ್ಲಾಕಿಗೂ ಸಲ್ಲದು. ಒಮ್ಮೆ ಕೂತ ಮೇಲೆ ತೆಗೆಯಲಾಗುವುದಿಲ್ಲ, ಬೇಡವಾದರೆ ಗ್ರೈಂಡರಿನಿಂದ ಕತ್ತರಿಸಿ ಮುಚ್ಚಬೇಕು.

ತೂಗುಮಣೆಯ ಕೊಂಡಿಯನ್ನು ತಾರಸಿಯ ಕೆಳಮೈಗೆ ಆಂಕರಿನಿಂದ ಹಾಕಿಸುವ ರೂಢಿ ಹೊಸ ಮನೆಗಳಲ್ಲಿ ಹೆಚ್ಚುತ್ತಿದೆ, ಇದರ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. ಹಳೆಯ ಮನೆಗಳಲ್ಲಿ ಉಯ್ಯಾಲೆಯ ಸರಪಳಿ ಮರದ ತೊಲೆಯನ್ನು ಬಳಸಿಕೊಂಡು ಬರುತ್ತಿತ್ತು. ಭಾರ ತೊಲೆಯ ಮೇಲೆ ಕೂರುತ್ತಿತ್ತು. ತಾರಸಿಯ ನಡುಭಾಗದಲ್ಲಿ ಕೆಳಮೈ ಸದಾ ಹಿಗ್ಗುವ ಬದಿ, ಕೂದಲೆಳೆಯ ಬಿರುಕು ಬರುವುದೇ ಅಲ್ಲಿ. ಉಯ್ಯಾಲೆ 45 ಡಿಗ್ರಿಯವರೆಗೆ ತೂಗಿದರೆ ಕೆಳಗೆ ಬರುವಾಗ ಸರಪಳಿಯ ಮೇಲಿನ ಎಳೆತ ಕೂತವರ ತೂಕದ ಸುಮಾರು 1.6 ಪಟ್ಟಾಗುತ್ತದೆ, ಅದೂ ಪ್ರತಿ ಸಲವೂ ಅತ್ತಿತ್ತ ಜಗ್ಗುತ್ತ. ಬಿರುಕುಬಿಟ್ಟ ಕಾಂಕ್ರೀಟಿಗೂ ಪರೀಕ್ಷಿಸಿದ ಆಂಕರುಗಳ ಮೇಲೆ ಯುರೋಪಿನ ಇಟಿಎ (ಯುರೋಪಿಯನ್ ಟೆಕ್ನಿಕಲ್ ಅಸೆಸ್‌ಮೆಂಟ್) ಪ್ರಮಾಣದಲ್ಲಿ ‘ಆಪ್ಷನ್ 1’ ಎಂದು ಇರುತ್ತದೆ, ‘ಆಪ್ಷನ್ 7’ ಎಂದಿದ್ದರೆ ಅದು ಬಿರುಕಿಲ್ಲದ ಕಾಂಕ್ರೀಟಿಗೆ ಮಾತ್ರ. ಆದರೂ ಉಯ್ಯಾಲೆಗೆ ನಾನು ಒಪ್ಪುವುದು ತಾರಸಿಯನ್ನು ಪೂರ್ತಿ ತೂರಿ, ಮೇಲೆ ದಪ್ಪ ಉಕ್ಕಿನ ತಟ್ಟೆ ಕೊಟ್ಟು ಬಿಗಿಸಿದ ಬೋಲ್ಟನ್ನು ಮಾತ್ರ. ಮೇಲೆ ನೀರು ಸೋರದಂತೆ ಮುಚ್ಚುವ ತಾಪತ್ರಯ ಇದ್ದರೂ ಸರಿಯೆ.

ಮುಂಭಾಗದ ಸುಣ್ಣದ ಗೋಡೆಗೆ ಈ ಲೋಹದ ಆಂಕರುಗಳು ಯಾವುವೂ ಹೊಂದಲಿಲ್ಲ. ಅರಳಿದ ಕೂಡಲೆ ಇಟ್ಟಿಗೆಯ ಮೂಲೆ ಸೀಳುತ್ತದೆ, ಸಂದಿನಲ್ಲಿ ಬಿದ್ದರೆ ಗಾರೆ ಪುಡಿಯಾಗಿ ಉದುರುತ್ತದೆ. ಹಿಂದೆ ಬಡಗಿಗಳು ಇಂಥ ಗೋಡೆಯಲ್ಲಿ ಉಳಿಯಿಂದ ತೂತು ಮಾಡಿ ಮರದ ಗಿಟ್ಟಿ ಹೊಡೆಯುತ್ತಿದ್ದರು. ಮರ ಒಣಗಿ ಕುಗ್ಗಿದಾಗ ಗಿಟ್ಟಿ ಸಡಿಲವಾಗುತ್ತಿತ್ತು. ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್ 1911ರ ಸುಮಾರಿಗೆ ನಾರಿನ ಗಿಟ್ಟಿ ಮಾಡಿದ್ದರಿಂದಲೇ ನಮ್ಮಲ್ಲಿ ರಾಲ್ ಪ್ಲಗ್ ಎಂಬ ಹೆಸರು ಉಳಿದಿದೆ. ಈಗ ಎಲ್ಲೆಡೆ ಕಾಣುವ ನೈಲಾನ್ ಗಿಟ್ಟಿಯನ್ನು 1958ರಲ್ಲಿ ರೂಪಿಸಿದವರು ಜರ್ಮನಿಯ ಆರ್ಟುರ್ ಫಿಶರ್. ಫಿಶರ್ ಕಂಪನಿಯ ಉದ್ದನೆಯ ನೈಲಾನ್ ಗಿಟ್ಟಿಗಳನ್ನೇ ಈ ಗೋಡೆಗೆ ಬಳಸಿದೆ. ಒತ್ತಡವನ್ನು ಒಂದೇ ಕಡೆ ಹೇರದೆ ಉದ್ದಕ್ಕೂ ಮೃದುವಾಗಿ ಹರಡುವುದರಿಂದ ಇಟ್ಟಿಗೆ ಸೀಳಲಿಲ್ಲ, ಪರದೆಯ ಸಲಾಕೆ, ಕನ್ನಡಿ, ಪುಸ್ತಕದ ಸಣ್ಣ ಶೆಲ್ಫು ಎಲ್ಲವೂ ಅಲುಗದೆ ನಿಂತಿವೆ. ಡ್ರಿಲ್ಲಿನ ಹ್ಯಾಮರ್ ನಿಲ್ಲಿಸಿ, ಬರಿಯ ತಿರುಗುವಿಕೆಯಲ್ಲಿ, ಇಟ್ಟಿಗೆಯ ನಡುವೆಯೇ ಕೊರೆಸಬೇಕು. ಹಾಲೋ ಬ್ಲಾಕಿಗೂ ಇದೇ ಮಾತು: ಹ್ಯಾಮರಿನ ಪೆಟ್ಟಿಗೆ ಅದರ ತೆಳು ಪದರ ಒಳಗಿನಿಂದ ಒಡೆಯುತ್ತದೆ. ಇಂಥ ಗೋಡೆಗೆ ಭಾರವಾದದ್ದು ಬೇಕೆಂದರೆ ಜಾಲರಿಯ ಕೊಳವೆಯೊಳಗೆ ರಾಳ ತುಂಬುವ ಕೆಮಿಕಲ್ ಆಂಕರ್ ಸೂಕ್ತ. ಇಂಥ ಸಾಧನಗಳ ಬಳಕೆಯ ಬಗೆಗಿನ ನಮ್ಮ ಭಾರತೀಯ ಮಾನಕ, ಐಎಸ್ 1946 ಎಂಬ ಸಂಖ್ಯೆಯದು, 1961ರಷ್ಟು ಹಿಂದೆಯೇ ಬಂದದ್ದು, ತನ್ನ ವ್ಯಾಪ್ತಿಯನ್ನು ಘನವಾದ ಗೋಡೆ, ಛಾವಣಿ, ನೆಲಗಳಿಗೆ ಸೀಮಿತಗೊಳಿಸಿಕೊಂಡಿರುವುದು ಗಮನಾರ್ಹ.

ರಂಧ್ರದೊಳಗೆ ಇಳಿಸಿ ಪಂಚ್ ಎಂಬ ಸಲಾಕೆಯಿಂದ ಹೊಡೆದು ಅರಳಿಸುವ ಡ್ರಾಪ್-ಇನ್ ಆಂಕರ್ ಫಾಲ್ಸ್ ಸೀಲಿಂಗಿನ ಕಂಬಿಗಳಿಗೆ ಚೆನ್ನ, ಅದರ ಪಂಚನ್ನು ಪೂರ್ತಿ ಹೊಡೆದಿರಬೇಕು ಅಷ್ಟೆ.

ಮಂಡ್ಯದ ಕಡೆ ತೋಟಗಳಲ್ಲಿ ಕಲ್ಲುಕಂಬಕ್ಕೆ ಗೇಟಿನ ಕೀಲು ಕೂರಿಸುವವರಿಗೆ ಒಂದು ಮಾತು: ಕಂಬ ಕಿರಿದಾಗಿದ್ದರೆ ಅರಳುವ ಆಂಕರ್ ಕಲ್ಲನ್ನೇ ಸೀಳಬಹುದು, ಅಲ್ಲಿ ಕಂಬವನ್ನು ಸುತ್ತುವ ಪಟ್ಟಿ ಅಥವಾ ಕೆಮಿಕಲ್ ಆಂಕರ್ ಒಳಿತು. ಆಲೆಮನೆಯ ಗಾಣ, ಮೋಟರಿನಂತಹ ಸದಾ ಅದುರುವ ಯಂತ್ರಗಳಿಗೂ ಸ್ಲೀವ್ ಆಂಕರನ್ನು ನಂಬಬಾರದು, ಅದುರಿಕೆಗೆ ನಟ್ಟು ಸಡಿಲವಾದ ಕ್ಷಣವೇ ಘರ್ಷಣೆಯ ಹಿಡಿತವೂ ಹೋಗುತ್ತದೆ. ಕಾಂಕ್ರೀಟ್ ಹಾಕುವಾಗಲೇ ಹುಗಿಯುವ ಫೌಂಡೇಶನ್ ಬೋಲ್ಟಿಗೆ ಅಲ್ಲಿ ಸಾಟಿಯಿಲ್ಲ.

ಕೂರಿಸುವ ಕ್ರಮದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ರಂಧ್ರದ ಧೂಳನ್ನು ತೆಗೆಯುವುದನ್ನು. ಆ ಹುಡಿ ಕೊಳವೆಗೂ ಗೋಡೆಗೂ ನಡುವೆ ಸೇರಿ ಜಾರಿಸುತ್ತದೆ. ಆಂಕರಿನ ಆಳಕ್ಕಿಂತ 10 ಮಿ.ಮೀ. ಹೆಚ್ಚು ಕೊರೆದು, ಬ್ರಷ್ ಆಡಿಸಿ, ಗಾಳಿಯ ಪಂಪಿನಿಂದ ಊದಿಸಿದರೆ ಒಂದು ನಿಮಿಷವೂ ಹಿಡಿಯುವುದಿಲ್ಲ. ನಮ್ಮ ಕೆಲಸದವರು ಮೊದಲು ಇದನ್ನು ಅನಗತ್ಯವೆಂದರೂ, ಊದಿದ ರಂಧ್ರದಲ್ಲಿ ನಟ್ಟು ಬೇಗ ಬಿಗಿಯಾಗುವುದನ್ನು ಕಂಡ ಮೇಲೆ ತಾವಾಗಿಯೇ ಪಂಪು ಕೇಳತೊಡಗಿದರು.

ತುಕ್ಕಿನ ವಿಷಯದಲ್ಲಿ, ಸಾಮಾನ್ಯ ಆಂಕರುಗಳ ಸತುವಿನ ಲೇಪ ಸುಮಾರು 5 ಮೈಕ್ರಾನ್ ಮಾತ್ರ. ಒಣಗಿದ ಒಳಾಂಗಣಕ್ಕೆ ಅದು ಸಾಕು. ಬಾಲ್ಕನಿಯ ಸರಳು, ತಾರಸಿಯ ಮೇಲಿನ ಸೋಲಾರ್ ಚೌಕಟ್ಟು, ಸದಾ ಒದ್ದೆಯಿರುವ ಸ್ನಾನದ ಮನೆಗೆ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದನ್ನೇ ಕೇಳಬೇಕು. ಬೆಲೆ ಹಲವು ಪಟ್ಟು ಹೆಚ್ಚು, ಎಲ್ಲ ಅಂಗಡಿಗಳಲ್ಲೂ ದಾಸ್ತಾನು ಇರುವುದಿಲ್ಲ. ಅಳತೆ, ಉದ್ದ, ದರ್ಜೆ ಮೂರನ್ನೂ ಬರೆದುಕೊಟ್ಟು ಮುಂಚಿತವಾಗಿ ತರಿಸಿಕೊಳ್ಳುವುದು ಒಳ್ಳೆಯದು.