ಐದು ಚಳಿಗಾಲ, ಎರಡು ಸ್ನೋಮೊಬೈಲ್: ಹಿಮದ ದಾರಿಗೆ ಯಾವುದು ಸರಿ?

ನನ್ನ ಹತ್ತಿರ ಎರಡು ಸ್ಲೆಡ್ ಇವೆ, ಅಂದರೆ ಮುಂದೆ ಎರಡು ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟಿ (ಟ್ರ್ಯಾಕ್) ಇರುವ ಸ್ನೋಮೊಬೈಲ್. ಒಂದು 600 ಸಿಸಿ ಟೂ-ಸ್ಟ್ರೋಕ್, 125 ಎಚ್‌ಪಿ, ಟ್ರ್ಯಾಕ್ ಉದ್ದ 129 ಇಂಚು. ಇನ್ನೊಂದು 900 ಸಿಸಿ ಟರ್ಬೊ ಫೋರ್-ಸ್ಟ್ರೋಕ್, 150 ಎಚ್‌ಪಿ, ಟ್ರ್ಯಾಕ್ 137 ಇಂಚು. ಐದು ಚಳಿಗಾಲ ಎರಡನ್ನೂ ಹದ ಮಾಡಿದ ಹಿಮದ ದಾರಿಯಲ್ಲೇ ಓಡಿಸಿದ್ದೇನೆ. ಆಳದ ಪುಡಿಹಿಮಕ್ಕೆ ಇಳಿಸಿಲ್ಲ. ಕೊಳ್ಳುವಾಗ ನಾನು ಮೊದಲು ಕೇಳಿದ್ದು ಎಚ್‌ಪಿ ಎಷ್ಟು ಅಂತ. ಈಗಾದರೆ ಅದನ್ನು ಕೊನೆಗೆ ಕೇಳುತ್ತೇನೆ.

ಎಂಟು ಇಂಚಿನಲ್ಲಿ ಏನು ಮಹಾ ಅನ್ನಿಸುತ್ತೆ, ಅಲ್ವಾ? ರಾತ್ರಿ ಯಂತ್ರ ಬಿಟ್ಟು ಸಮ ಮಾಡಿದ ದಾರಿ ಬೆಳಗ್ಗೆ ಹಾಸಿಗೆಯ ಹಾಗಿರುತ್ತದೆ. ಆಗ ಎರಡೂ ಒಂದೇ. ಮಧ್ಯಾಹ್ನದ ಹೊತ್ತಿಗೆ ನೂರಾರು ಗಾಡಿ ಓಡಿ ದಾರಿ ಅಲೆಅಲೆಯಾಗಿ ಎದ್ದಿರುತ್ತದೆ. 129 ಇಂಚಿನದು ಪ್ರತಿ ತಗ್ಗಿಗೂ ಇಳಿದು ಏಳುತ್ತದೆ, ಸೀಟು ಕೆಳಗಿನಿಂದ ಗುದ್ದುತ್ತದೆ. 137 ಇಂಚಿನದು ಒಂದು ಉಬ್ಬಿನಿಂದ ಇನ್ನೊಂದಕ್ಕೆ ಚಾಚಿಕೊಂಡು ಹೋಗಿಬಿಡುತ್ತದೆ. ನಾಲ್ಕು ಗಂಟೆ ಸವಾರಿ ಮಾಡಿ ಇಳಿದಾಗ ಸೊಂಟವೇ ವ್ಯತ್ಯಾಸ ಹೇಳುತ್ತದೆ.

ತಿರುವಿನಲ್ಲಿ ಮಾತ್ರ ಟೂ-ಸ್ಟ್ರೋಕ್ ನನಗೆ ಜಾಸ್ತಿ ಇಷ್ಟ. ಮೂತಿ ಹಗುರ, ಹ್ಯಾಂಡಲ್ ತಿರುಗಿಸಿದ ಕಡೆ ತಿರುಗುತ್ತದೆ. ಫೋರ್-ಸ್ಟ್ರೋಕ್‌ನ ಭಾರವೆಲ್ಲ ಮುಂದೆ. ಎರಡನೇ ಚಳಿಗಾಲದಲ್ಲಿ ಒಮ್ಮೆ ಗಟ್ಟಿ ಹಿಮದ ಎಡತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದ್ದೇನೆ, ಸ್ಕೀಗಳು ಕರ್ರ್ ಅಂತ ಕೆರೆಯುತ್ತಾ ನೇರ ಹೋಗುತ್ತಿವೆ! ಅಂಚಿನ ಹಿಮದ ದಿಬ್ಬಕ್ಕೆ ಹೊಕ್ಕು ನಿಂತಿತು. ಪುಣ್ಯಕ್ಕೆ ಎದುರಿಂದ ಯಾರೂ ಬರಲಿಲ್ಲ. ಮನೆಗೆ ಬಂದು ಸ್ಕೀ ಎತ್ತಿ ನೋಡಿದರೆ ಅಡಿಯ ಕಾರ್ಬೈಡ್ ಅಂಚು (ಹಿಮಕ್ಕೆ ಕಚ್ಚಿ ಹಿಡಿಯುವ ಗಟ್ಟಿ ಲೋಹ) ಸವೆದು ಉಗುರಿನ ಹಾಗೆ ದುಂಡಗಾಗಿತ್ತು. ಹೊಸದು ಹಾಕಿಸಿ, ಹಿಂದಿನ ಸಸ್ಪೆನ್ಷನ್ನಿನ ಲಿಮಿಟರ್ ಪಟ್ಟಿಯನ್ನು (ಟ್ರ್ಯಾಕಿನ ಮುಂಭಾಗ ಎಷ್ಟು ಕೆಳಗಿಳಿಯಬಹುದು ಅಂತ ತಡೆಯುವ ಪಟ್ಟಿ) ಒಂದು ತೂತು ಬಿಗಿ ಮಾಡಿದೆ. ಸ್ಕೀ ಮೇಲೆ ಭಾರ ಹೆಚ್ಚಾಗಿ ಹಿಡಿತ ಬಂತು. ಆದರೆ ಸಂಜೆ ಹೊತ್ತಿಗೆ ತೋಳು ನೋಯತೊಡಗಿತು. ಪಟ್ಟಿ ಮತ್ತೆ ಸಡಿಲಿಸಿ ಕಾರ್ಬೈಡ್ ಮಾತ್ರ ಚೂಪಾಗಿ ಇಟ್ಟುಕೊಂಡಿದ್ದೇನೆ. ಬೇರೆಯವರ ಸ್ಕೀ ಗೀರಿದ ಜಾಡಿಗೆ ಸಿಕ್ಕಿ ಗಾಡಿ ಆಚೀಚೆ ಎಳೆಯುತ್ತಿದ್ದರೆ, ಪ್ರತಿ ಸ್ಕೀಗೆ ಎರಡು ಸಾಲು ಇರುವ ಕಾರ್ಬೈಡ್ ಹಾಕಿಸಿ. ನನಗೆ ಅದರಿಂದ ತುಂಬಾ ಕಡಿಮೆಯಾಯಿತು.

ಪವರ್ ವಿಷಯ ಚಿಕ್ಕದು. ಸ್ನೋಮೊಬೈಲ್ ಬ್ರಾಂಡ್ ಸ್ಕೀ-ಡೂ ಲೆಕ್ಕವನ್ನೇ ತಗೊಳ್ಳಿ. ಅವರ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ 600ಆರ್ ಇ-ಟೆಕ್ 125 ಎಚ್‌ಪಿ, 850 ಇ-ಟೆಕ್ 165. ಆ ನಲವತ್ತು ಎಚ್‌ಪಿ ಬಳಸಲು ಉದ್ದನೆಯ ನೇರ ದಾರಿ ಬೇಕು. ಮರಗಳ ನಡುವೆ ಸುತ್ತುವ ದಾರಿಯಲ್ಲಿ ನನಗೆ 125 ಯಾವತ್ತೂ ಕಡಿಮೆ ಅನ್ನಿಸಿಲ್ಲ. ನನ್ನ ಟರ್ಬೊ ಕಡಿಮೆ ವೇಗದಿಂದಲೇ ಮೆತ್ತಗೆ ಎಳೆಯುತ್ತದೆ, ಹೊಗೆ ವಾಸನೆ ಇಲ್ಲ, ಆಯಿಲ್ ತುಂಬುವ ಕೆಲಸವೂ ಇಲ್ಲ. ಥ್ರಾಟಲ್ ಬಿಟ್ಟ ಕೂಡಲೇ ಎಂಜಿನ್ನೇ ಹಿಡಿದು ನಿಧಾನ ಮಾಡುತ್ತದೆ. ಟೂ-ಸ್ಟ್ರೋಕ್ ಹಾಗಲ್ಲ, ಜಾರಿಕೊಂಡು ಮುಂದೆ ಹೋಗುತ್ತದೆ. ಒಂದರಿಂದ ಇನ್ನೊಂದಕ್ಕೆ ಹತ್ತಿದ ದಿನ ಮೊದಲ ನಾಲ್ಕು ತಿರುವು ನಿಧಾನ ಹೋಗಿ.

ಇನ್ನೊಂದು ಮಾತು. ಮಂಜುಗಡ್ಡೆಯಂಥ ಗಟ್ಟಿ ದಾರಿಯಲ್ಲಿ ಟ್ರ್ಯಾಕ್ ಗಾಡಿಯ ಅಡಿಗೆ ಹಿಮ ಎರಚುವುದಿಲ್ಲ. ಎಂಜಿನ್ ತಣ್ಣಗಾಗುವುದೂ ಆ ಹಿಮದಿಂದಲೇ, ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿ ಉಳಿಯುವುದೂ ಅದರಿಂದಲೇ. ನನಗೆ ಒಮ್ಮೆ ಬಿಸಿಯ ದೀಪ ಹತ್ತಿತ್ತು. ಸ್ಕ್ರ್ಯಾಚರ್ (ಗಟ್ಟಿ ಹಿಮ ಕೆರೆದು ಮೇಲೆ ಎರಚುವ ಕಡ್ಡಿ) ಇಳಿಸಿಕೊಂಡು ಅಂಚಿನ ಸಡಿಲ ಹಿಮದ ಮೇಲೆ ಸ್ವಲ್ಪ ಓಡಿಸಿದ ಮೇಲೆ ಆರಿತು. ಇಂಥ ದಾರಿಯಲ್ಲಿ ಸ್ಕ್ರ್ಯಾಚರ್ ಮೊದಲೇ ಇಳಿಸಿಕೊಳ್ಳಿ. ಎಂಜಿನ್ ಬಲವನ್ನು ಟ್ರ್ಯಾಕಿಗೆ ದಾಟಿಸುವ ಬೆಲ್ಟ್ ಬದಲಿಗೆ ಒಂದು ಜೊತೆಯಲ್ಲಿರಲಿ.

ಒಂದನ್ನೇ ಇಟ್ಟುಕೊಳ್ಳಬೇಕು ಅಂದರೆ 137 ಇಂಚಿನ ಟ್ರ್ಯಾಕ್ ಇರುವ 600 ಟೂ-ಸ್ಟ್ರೋಕ್ ಹುಡುಕುತ್ತೇನೆ. ಕೊಳ್ಳುವ ಮುಂಚೆ ಓಡಿಸಿ ನೋಡಲು ಸಿಕ್ಕರೆ ಬೆಳಗ್ಗೆ ಹೋಗಬೇಡಿ. ಮಧ್ಯಾಹ್ನ ಮೂರರ ಮೇಲೆ, ದಾರಿ ಕೆಟ್ಟಿರುವಾಗ ಹೋಗಿ.