ಅಂಗಡಿಗೆ ಯಾವ ಕಾರ್ಡ್ ಮೆಷಿನ್? ಮೊದಲು ದರಪಟ್ಟಿ ನೋಡಿ, ಆಮೇಲೆ ಮೆಷಿನ್

ಸ್ವೈಪಿಂಗ್ ಮೆಷಿನ್ ಮಾರಲು ಬರುವವರು ಮೊದಲು ತೋರಿಸುವುದು ದೊಡ್ಡ ಪರದೆ, ಆಮೇಲೆ 'ಬಾಡಿಗೆ ಇಲ್ಲ' ಎಂಬ ಮಾತು. ಆದರೆ ಅಂಗಡಿಯ ದುಡ್ಡು ಸೋರುವುದು ಪ್ರತಿ ಬಿಲ್ಲಿನಿಂದ ಕಡಿತವಾಗುವ ಕಮಿಷನ್‌ನಲ್ಲಿ, ಅಂದರೆ ಎಂಡಿಆರ್‌ನಲ್ಲಿ. ಹಾಗಾಗಿ ಮೆಷಿನ್ ಕೈಗೆತ್ತಿಕೊಳ್ಳುವ ಮೊದಲು ದರಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಅದರಲ್ಲಿ ಇರಬೇಕಾದ ಸಾಲುಗಳು ಹೀಗಿವೆ. ರುಪೇ ಡೆಬಿಟ್ ಮತ್ತು ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ 2020ರ ಜನವರಿ 1ರಿಂದ ಎಂಡಿಆರ್ ಸೊನ್ನೆ. ಉಳಿದ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ: ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಹೆಚ್ಚೆಂದರೆ ಶೇ 0.40, ಒಂದು ಬಿಲ್ಲಿಗೆ ₹200 ಮೀರುವಂತಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ ಶೇ 0.90, ₹1,000 ಮೀರುವಂತಿಲ್ಲ. ಚಿನ್ನದಂಗಡಿಯವರು ಈ ₹1,000ದ ಮಿತಿಯನ್ನು ಸ್ಟೇಟ್‌ಮೆಂಟಿನಲ್ಲಿ ಖಂಡಿತ ಪರಿಶೀಲಿಸಬೇಕು. ₹1.5 ಲಕ್ಷದ ಸರಕ್ಕೆ ಶೇ 0.90ರಂತೆ ₹1,350 ಆಗುತ್ತದೆ. ಕಡಿತವಾಗಬೇಕಾದ್ದು ₹1,000 ಮಾತ್ರ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ, ಚೌಕಾಸಿ ಮಾಡಬೇಕಾದದ್ದು ಅಲ್ಲೇ. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಕ್ಯೂಆರ್ ಮೂಲಕ ಬಂದರೂ ಅದು ಕ್ರೆಡಿಟ್ ವ್ಯವಹಾರವೇ. ಅದಕ್ಕೆ, ಇಎಂಐಗೆ, ವಿದೇಶಿ ಕಾರ್ಡಿಗೆ ಬೇರೆಬೇರೆ ಸಾಲು ಬರೆಸಿಕೊಳ್ಳಿ.

ಬಾಡಿಗೆ ಇರುವ ಮೆಷಿನ್ ಲಾಭವೋ ಇಲ್ಲದ್ದು ಲಾಭವೋ ಎಂಬುದು ಒಂದೇ ಭಾಗಾಕಾರದ ಲೆಕ್ಕ. ಒಂದಕ್ಕೆ ತಿಂಗಳಿಗೆ ₹500 ಬಾಡಿಗೆ, ಕ್ರೆಡಿಟ್ ದರ ಶೇ 1.6, ಇನ್ನೊಂದಕ್ಕೆ ಬಾಡಿಗೆ ಇಲ್ಲ, ದರ ಶೇ 2.2 ಎಂದುಕೊಳ್ಳಿ. ವ್ಯತ್ಯಾಸ ಶೇ 0.6. ₹500ನ್ನು 0.006ರಿಂದ ಭಾಗಿಸಿದರೆ ಸುಮಾರು ₹83,300. ತಿಂಗಳ ಕ್ರೆಡಿಟ್ ಕಾರ್ಡ್ ವ್ಯಾಪಾರ ಇದಕ್ಕಿಂತ ಕಡಿಮೆಯಿದ್ದರೆ ಬಾಡಿಗೆ ಇಲ್ಲದ್ದೇ ಸರಿ. ಎರಡು ಲಕ್ಷ ದಾಟುವ ಸೀರೆ ಅಂಗಡಿಗೆ ಅದೇ 'ಉಚಿತ' ಮೆಷಿನ್ ತಿಂಗಳಿಗೆ ಕನಿಷ್ಠ ₹700 ಹೆಚ್ಚು ತಿನ್ನುತ್ತದೆ. 'ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ' ಎಂದು ಗಿರಾಕಿಯ ಮೇಲೆ ಹಾಕುವ ಅಭ್ಯಾಸ ದಯವಿಟ್ಟು ಬೇಡ. ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ಗಿರಾಕಿಗೆ ದಾಟಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ.

ಇನ್ನು ಮೆಷಿನ್. ದರ್ಶಿನಿ, ಜ್ಯೂಸ್ ಅಂಗಡಿ, ಬೇಕರಿಗಳಿಗೆ ಕಾರ್ಡ್ ತಾಗಿಸಬಹುದಾದ ಸೌಂಡ್‌ಬಾಕ್ಸ್ ಸಾಕು. ಪೇಟಿಎಂ 2023ರಲ್ಲಿ ತಂದ ಕಾರ್ಡ್ ಸೌಂಡ್‌ಬಾಕ್ಸ್ ಈ ಬಗೆಯದು. ಪಿನ್ ಇಲ್ಲದೆ ತಾಗಿಸುವ ವ್ಯವಹಾರಕ್ಕೆ ₹5,000 ಮಿತಿ ಇದೆ. ಐವತ್ತು ನೂರರ ಬಿಲ್ಲಿಗೆ ಅದು ಅಡ್ಡಿಯಲ್ಲ. ಒಂದು ತೊಡಕು ಮಾತ್ರ ಇದೆ: 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಟ್ಯಾಪ್ ಸೌಲಭ್ಯವನ್ನು ಕಾರ್ಡಿನವರೇ ಆನ್ ಮಾಡಿಕೊಳ್ಳಬೇಕು. ಆನ್ ಮಾಡದವರ ಕಾರ್ಡ್ ಇದರಲ್ಲಿ ನಡೆಯುವುದೇ ಇಲ್ಲ, ಚಿಪ್ ತೂರಿಸಲು ಜಾಗವೂ ಇರುವುದಿಲ್ಲ.

ಬಟ್ಟೆ, ಎಲೆಕ್ಟ್ರಾನಿಕ್ಸ್, ಊಟದ ಹೋಟೆಲಿಗೆ ಪ್ರಿಂಟರ್ ಇರುವ ಆಂಡ್ರಾಯ್ಡ್ ಮೆಷಿನ್ ಒಳ್ಳೆಯದು. ಪ್ಯಾಕ್ಸ್ ಕಂಪನಿಯ ಎ910, ಎ920 ಈ ಸಾಲಿನವು. ಕ್ಯೂಆರ್ ಪರದೆಯ ಮೇಲೇ ಮೂಡುತ್ತದೆ, ಇಎಂಐ ಅಲ್ಲೇ ಆಗುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಜೋಡಿಸಿದರೆ ಮೊತ್ತವನ್ನು ಎರಡನೇ ಸಲ ಒತ್ತಬೇಕಿಲ್ಲ. ನನಗೆ ಇದರಲ್ಲಿ ಒಪ್ಪಿಗೆಯಾಗದ್ದು ಗಾಜಿನ ಮೇಲೆ ಪಿನ್ ಒತ್ತಿಸುವುದು. ದೃಷ್ಟಿ ಮಂದವಾದ ಹಿರಿಯರು ತಡವರಿಸುತ್ತಾರೆ, ಕೊನೆಗೆ ಪಿನ್ ಅನ್ನು ಬಾಯಿಬಿಟ್ಟು ಹೇಳಿಬಿಡುತ್ತಾರೆ. ಮೆಡಿಕಲ್ ಶಾಪ್, ನರ್ಸಿಂಗ್ ಹೋಮ್‌ಗಳಿಗೆ ಉಬ್ಬಿದ ಗುಂಡಿಗಳಿರುವ ಮೆಷಿನ್ನೇ ಸರಿ. ಐದರ ಗುಂಡಿಯ ಮೇಲಿನ ಚುಕ್ಕೆಯನ್ನು ಬೆರಳೇ ಹುಡುಕಿಕೊಳ್ಳುತ್ತದೆ. ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಪುಟ್ಟ ಮೆಷಿನ್ ಮನೆಮನೆಗೆ ಹೋಗಿ ರಿಪೇರಿ ಮಾಡುವವರಿಗೆ ಸರಿ, ಗಲ್ಲಾದಲ್ಲಿ ಬೇಡ.

ಸಿಗ್ನಲ್ ವಿಷಯದಲ್ಲಿ ಮಾತನ್ನು ನಂಬಬೇಡಿ. ಚಿಕ್ಕಪೇಟೆಯ ಒಳಗಲ್ಲಿಯ ಅಂಗಡಿ, ನೆಲಮಾಳಿಗೆ, ಮಲೆನಾಡಿನ ದಪ್ಪ ಗೋಡೆಯ ಕಟ್ಟಡ, ಇಂಥಲ್ಲಿ ಬಾಗಿಲ ಬಳಿ ಸಿಗುವ ಟವರ್ ಗಲ್ಲಾದ ಬಳಿ ಸಿಗುವುದಿಲ್ಲ. ಮೆಷಿನ್‌ಗೆ ಹಾಕುವ ಕಂಪನಿಯದೇ ಸಿಮ್ ಇರುವ ಫೋನನ್ನು ಗಲ್ಲಾದ ಮೇಲಿಟ್ಟು ನೋಡಿ. 4ಜಿ ಜೊತೆಗೆ ವೈಫೈ ಇರುವುದನ್ನೇ ಕೇಳಿ. ಜಿಪಿಆರ್‌ಎಸ್ (2ಜಿ) ಮಾತ್ರ ಇರುವ ಹಳೆಯ ಮೆಷಿನ್ ಕೊಟ್ಟರೆ ವಾಪಸ್ ಕಳಿಸಿ.

ಹಾಕಿಸಿದ ದಿನವೇ ಐದು ಪರೀಕ್ಷೆ ಮಾಡಿಸಿ: ರುಪೇ ಡೆಬಿಟ್ ಚಿಪ್ ಹಾಕಿ, ಒಂದು ಕ್ರೆಡಿಟ್ ಕಾರ್ಡ್, ಒಂದು ಟ್ಯಾಪ್, ಒಂದು ಕ್ಯೂಆರ್, ಕೊನೆಗೆ ಆ ಕ್ರೆಡಿಟ್ ವ್ಯವಹಾರವನ್ನು ವಾಯ್ಡ್, ಅಂದರೆ ಮೆಷಿನ್‌ನಲ್ಲೇ ರದ್ದು ಮಾಡುವುದು. ವಾಯ್ಡ್ ನಡೆಯುವುದು ಆ ದಿನದ ಸೆಟಲ್‌ಮೆಂಟ್ ಆಗುವ ತನಕ, ಅಂದರೆ ದಿನದ ವ್ಯವಹಾರಗಳ ಲೆಕ್ಕ ಮುಗಿಸಿ ಬ್ಯಾಂಕಿಗೆ ಕಳಿಸುವ ತನಕ ಮಾತ್ರ. ಆಮೇಲೆ ರಿಫಂಡ್ ದಾರಿ, ಅದಕ್ಕೆ ದಿನಗಳು ಹಿಡಿಯುತ್ತವೆ. ಸೆಟಲ್‌ಮೆಂಟ್ ತಾನಾಗಿ ಆಗುತ್ತದೆಯೋ ರಾತ್ರಿ ನೀವೇ ಒತ್ತಬೇಕೋ ಕೇಳಿಕೊಳ್ಳಿ. ಒತ್ತಲು ಮರೆತರೆ ಮರುದಿನ ಖಾತೆಗೆ ದುಡ್ಡು ಬರುವುದಿಲ್ಲ.

ಗಿರಾಕಿಯ ಫೋನಿಗೆ ದುಡ್ಡು ಕಡಿತವಾದ ಮೆಸೇಜ್ ಬಂತು, ಸ್ಲಿಪ್ ಬರಲಿಲ್ಲ ಎಂಬುದೇ ಹೆಚ್ಚು ಜಗಳ ತರುವ ಸಂಗತಿ. ತಕ್ಷಣ ಇನ್ನೊಮ್ಮೆ ಕಾರ್ಡ್ ಹಾಕಬೇಡಿ. ಮೆಷಿನ್‌ನಲ್ಲಿ ಅಥವಾ ಆ್ಯಪ್‌ನಲ್ಲಿ ಕೊನೆಯ ವ್ಯವಹಾರ ನೋಡಿ. ಯಶಸ್ವಿ ಎಂದಿದ್ದರೆ ಅದರ 12 ಅಂಕಿಯ ಆರ್‌ಆರ್‌ಎನ್ (ವ್ಯವಹಾರದ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಸ್ಲಿಪ್ಪನ್ನು ಮರುಮುದ್ರಿಸಿ. ಅಲ್ಲಿ ಇಲ್ಲದಿದ್ದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕ್ ಆ ದುಡ್ಡನ್ನು ತಾನಾಗಿ ಗಿರಾಕಿಗೆ ಮರಳಿಸಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ. ಇದು 2019ರ ರಿಸರ್ವ್ ಬ್ಯಾಂಕ್ ನಿಯಮ. ಇದನ್ನು ಗಿರಾಕಿಗೆ ಸಮಾಧಾನವಾಗಿ ತಿಳಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕಾರ್ಡ್ ತಿರಸ್ಕಾರವಾದಾಗ ಕೋಡ್ ನೋಡಿ: 51 ಎಂದರೆ ಖಾತೆಯಲ್ಲಿ ಹಣ ಸಾಲದು, 55 ತಪ್ಪು ಪಿನ್, 54 ಅವಧಿ ಮುಗಿದ ಕಾರ್ಡ್, 91 ಕಾರ್ಡ್ ಕೊಟ್ಟ ಬ್ಯಾಂಕಿನ ಸರ್ವರ್ ಸಿಗುತ್ತಿಲ್ಲ. ಈ ನಾಲ್ಕರಲ್ಲೂ ಮೆಷಿನ್‌ದು ತಪ್ಪಿಲ್ಲ.

ಕೈಯಲ್ಲಿ ಹಿಡಿಯುವ ಮೆಷಿನ್‌ಗೆ ಸಾಮಾನ್ಯವಾಗಿ ಬೇಕಾಗುವ ಕಾಗದದ ರೋಲ್ 57 ಮಿ.ಮೀ. ಅಗಲ, 40 ಮಿ.ಮೀ. ವ್ಯಾಸದ್ದು. ಸ್ಲಿಪ್ ಖಾಲಿ ಬಂದರೆ ಸರ್ವಿಸ್‌ಗೆ ಫೋನ್ ಮಾಡುವ ಮೊದಲು ಕಾಗದವನ್ನು ಉಗುರಿನಿಂದ ಗೀಚಿ ನೋಡಿ: ಕಪ್ಪು ಗೆರೆ ಮೂಡುವ ಬದಿಗೇ ಅಚ್ಚು ಬೀಳುವುದು, ಹೆಚ್ಚಿನ ಸಲ ರೋಲ್ ತಿರುವುಮುರುವಾಗಿ ಕೂತಿರುತ್ತದೆ. ಈ ಅಚ್ಚು ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ಮಾಸುತ್ತದೆ. ದೊಡ್ಡ ಬಿಲ್ಲಿನ ಸ್ಲಿಪ್ಪಿನ ಫೋಟೊ ತೆಗೆದಿಡಿ, ಗಿರಾಕಿ ಮುಂದೆ ತಕರಾರು ಎತ್ತಿದರೆ ಅದೇ ಆಧಾರ.

ಮೆಷಿನ್ ಬಿದ್ದು 'ಟ್ಯಾಂಪರ್' (ಯಾರೋ ಕೈಹಾಕಿದ್ದಾರೆ) ಎಂದು ತೋರಿಸಿದರೆ ಸ್ಕ್ರೂ ಬಿಚ್ಚಬೇಡಿ. ಬಿಚ್ಚಿದರೆ, ಅಥವಾ ಬಿಚ್ಚಿದ್ದಾರೆ ಎಂದು ಮೆಷಿನ್‌ಗೆ ಅನಿಸಿದರೂ, ಪಿನ್ ಕಾಯುವ ಗುಪ್ತ ಕೀಗಳನ್ನು ಅದು ಅಳಿಸಿಬಿಡುತ್ತದೆ. ಕೀಗಳನ್ನು ಮತ್ತೆ ತುಂಬುವುದು ಕಂಪನಿಯವರಿಂದ ಮಾತ್ರ ಸಾಧ್ಯ, ಬೀದಿಯ ಮೊಬೈಲ್ ರಿಪೇರಿಯವರಿಂದ ಅಲ್ಲ.

ಮೆಷಿನ್ ಬೇಡವೆಂದು ವಾಪಸ್ ಕೊಡುವಾಗ ಸೀರಿಯಲ್ ನಂಬರ್, ಟಿಐಡಿ (ಮೆಷಿನ್‌ಗೆ ಬ್ಯಾಂಕ್ ಕೊಟ್ಟ ಗುರುತಿನ ಸಂಖ್ಯೆ), ದಿನಾಂಕ ಬರೆದ ರಸೀದಿ ಪಡೆಯಿರಿ. ಟಿಐಡಿ ರದ್ದಾಗಿದೆ ಎಂಬ ಇಮೇಲ್ ಬಂದ ಮೇಲೆ ಬಾಡಿಗೆಯ ಆಟೋ ಡೆಬಿಟ್ ಅನ್ನೂ ನಿಮ್ಮ ಬ್ಯಾಂಕಿನಲ್ಲಿ ನಿಲ್ಲಿಸಿ. ಮೆಷಿನ್ ಹೋದ ಮೇಲೂ ತಿಂಗಳುಗಟ್ಟಲೆ ಬಾಡಿಗೆ ಕಡಿತವಾಗುವುದು ಈ ಎರಡನೆಯ ಕೆಲಸ ಬಿಟ್ಟುಹೋದಾಗ.