ಲಂಡನ್ನಿನ ಗ್ಲೋಬ್: ಸೀಟು ಬೇಡ, ಅಂಗಳದಲ್ಲಿ ನಿಂತು ನೋಡಿ

ನಾಟಕದ ಹುಚ್ಚಿರುವ ಯಾರಾದರೂ ಲಂಡನ್ನಿಗೆ ಹೊರಟರೆ ನಾನು ಹೇಳುವುದು ಒಂದೇ ಮಾತು. ಶೇಕ್ಸ್‌ಪಿಯರ್ಸ್ ಗ್ಲೋಬ್ ರಂಗಮಂದಿರಕ್ಕೆ ಹೋಗಿ, ಆದರೆ ಸೀಟಿನ ಟಿಕೆಟ್ ತೆಗೆಯಬೇಡಿ. ರಂಗದ ಮುಂದಿನ ಅಂಗಳದ ಟಿಕೆಟ್ ತೆಗೆಯಿರಿ. ನಾಟಕ ಮುಗಿಯುವವರೆಗೂ ನಿಂತೇ ಇರಬೇಕು. ಕೆಳಗೆ ಕೂರೋಕೂ ಬಿಡುವುದಿಲ್ಲ, ಕೂತರೆ ಅಲ್ಲಿನ ಸ್ವಯಂಸೇವಕರು ಬಂದು ನಯವಾಗಿ ಎಬ್ಬಿಸುತ್ತಾರೆ. ಕಾಲು ನೋಯುತ್ತದೆ. ಆದರೂ ಅಂಗಳವೇ ಸರಿ.

ನಾನು ಊರಿನ ಹವ್ಯಾಸಿ ತಂಡದಲ್ಲಿ ಸೆಟ್ಟು, ಲೈಟು ನೋಡಿಕೊಂಡು ಬಂದವನು. ಯಾವ ರಂಗಮಂದಿರಕ್ಕೆ ಹೋದರೂ ಮೊದಲು ಕಣ್ಣು ಮೇಲಕ್ಕೆ ಹೋಗುತ್ತದೆ. ಲೈಟ್ ಕಟ್ಟೋಕೆ ಪೈಪ್ ಎಲ್ಲಿದೆ, ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗ್ಸ್‌ನಲ್ಲಿ, ಎಷ್ಟು ಜಾಗ ಇದೆ, ಪರದೆ ಸರಾಗವಾಗಿ ಎಳೆಯುತ್ತಾ ಅಂತ. ಮಗಳ ಮನೆಗೆ ಹೋಗಿದ್ದಾಗ ಅವಳೇ ಟಿಕೆಟ್ ಮಾಡಿಸಿದಳು. ಒಳಗೆ ಕಾಲಿಟ್ಟರೆ ಮುಂದಿನ ಪರದೆ ಇಲ್ಲ, ವಿಂಗ್ಸ್ ಇಲ್ಲ, ಅಂಗಳದ ಮೇಲೆ ಸೂರೂ ಇಲ್ಲ. ತಲೆಯೆತ್ತಿದರೆ ಬೂದು ಆಕಾಶ. "ಅಪ್ಪ, ಮಳೆ ಬಂದರೂ ನಾಟಕ ನಿಲ್ಲಿಸಲ್ಲ, ಕೊಡೆ ಬಿಚ್ಚೋ ಹಾಗೂ ಇಲ್ಲ, ಗೊತ್ತಲ್ವಾ?" ಅಂದಳು ಮಗಳು. ರೇನ್‌ಕೋಟ್ ತಂದಿದ್ದೆವು.

ಕಟ್ಟಡದ ರೂಪ ಹೀಗಿದೆ. ಸುತ್ತ ಇಪ್ಪತ್ತು ಮೂಲೆಯ ಮರದ ಕಟ್ಟು, ದೂರದಿಂದ ದುಂಡಗೇ ಕಾಣುತ್ತದೆ. ಅದರಲ್ಲಿ ಒಂದರ ಮೇಲೊಂದು ಮೂರು ಗ್ಯಾಲರಿ, ಅವಕ್ಕೆ ಹುಲ್ಲಿನ ಮಾಡು. ನಡುವೆ ಬಯಲು ಅಂಗಳ, ಸುಮಾರು 700 ಜನ ನಿಲ್ಲುವಷ್ಟು. ಆ ಅಂಗಳದೊಳಕ್ಕೆ ರಂಗ ಮುಂದೆ ಚಾಚಿಕೊಂಡಿದೆ, ಮೂರು ಕಡೆಯೂ ಜನ. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬಯಲಾಟದ ರಂಗಸ್ಥಳಕ್ಕೂ ಮೂರು ಕಡೆ ಜನ, ಹಿಂದೆ ಭಾಗವತರು. ಇಲ್ಲಿ ಹಾಡು, ವಾದ್ಯದವರು ರಂಗದ ಹಿಂಗೋಡೆಯ ಮೇಲಿನ ಮಾಳಿಗೆಯಲ್ಲಿ ಕೂರುತ್ತಾರೆ. ನಮ್ಮ ಚೌಕಿ ರಂಗಸ್ಥಳದಿಂದ ಸ್ವಲ್ಪ ದೂರ ಇರುತ್ತದೆ. ಇವರ ಬಣ್ಣದ ಮನೆ ಆ ಹಿಂಗೋಡೆಯ ಬೆನ್ನಿಗೇ ಅಂಟಿಕೊಂಡಿದೆ.

ಆ ಹಿಂಗೋಡೆಯನ್ನು ನಾನು ತುಂಬ ಹೊತ್ತು ನೋಡುತ್ತಾ ನಿಂತೆ. ಅದರಲ್ಲಿ ಮೂರು ಬಾಗಿಲು. ಎಡಕ್ಕೊಂದು, ಬಲಕ್ಕೊಂದು, ನಡುವೆ ದೊಡ್ಡದೊಂದು. ಇಡೀ ನಾಟಕದ ಬರುವುದು ಹೋಗುವುದೆಲ್ಲ ಹೆಚ್ಚುಕಡಿಮೆ ಇಷ್ಟರಲ್ಲೇ. ಒಬ್ಬ ಎಡಗಡೆಯಿಂದ ಹೋಗುವಷ್ಟರಲ್ಲಿ ಇನ್ನೊಬ್ಬಳು ಬಲಗಡೆಯಿಂದ ಮಾತಾಡುತ್ತಲೇ ಬಂದಿರುತ್ತಾಳೆ. ನಾವು ದೃಶ್ಯ ಬದಲಾಯಿಸೋಕೆ ಲೈಟ್ ಆರಿಸಿ, ಕತ್ತಲಲ್ಲಿ ಕುರ್ಚಿ ಎಳೆದು, ಮತ್ತೆ ಲೈಟ್ ಹಾಕುತ್ತೇವಲ್ಲ, ಆ ಕೆಲಸವೇ ಇಲ್ಲಿಲ್ಲ. ಊರು, ಕಾಡು, ಅರಮನೆ ಎಲ್ಲ ಮಾತಿನಲ್ಲೇ ಬದಲಾಗುತ್ತವೆ.

ರಂಗದ ಮೇಲೆ ಮಾತ್ರ ಒಂದು ಚಾವಣಿ. ಅದಕ್ಕೆ ಸ್ವರ್ಗ ಅಂತಲೇ ಹೆಸರು. ಒಳಮೈಗೆ ಸೂರ್ಯ, ಚಂದ್ರ, ರಾಶಿಗಳನ್ನು ಬರೆದಿದ್ದಾರೆ, ನಡುವೆ ದೇವತೆಗಳನ್ನು ಇಳಿಸೋಕೆ ಒಂದು ಕಿಂಡಿ. ರಂಗದ ನೆಲದಲ್ಲೂ ಒಂದು ಕಿಂಡಿ ಇದೆ, ಅದರ ಕೆಳಗಿರುವುದು ನರಕ. ಭೂತ ಪ್ರೇತಗಳು ಅಲ್ಲಿಂದ ಏಳುತ್ತವೆ. ಮೇಲೆ ಸ್ವರ್ಗ, ಕೆಳಗೆ ನರಕ, ನಡುವೆ ಹಲಗೆಯ ಮೇಲೆ ಮನುಷ್ಯರು. ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದಾರೆ ನೋಡಿ!

ಆ ಸ್ವರ್ಗವನ್ನು ಹೊತ್ತಿರುವುದು ಎರಡು ದಪ್ಪ ಕಂಬ. ಮರದ್ದೇ, ಆದರೆ ಅಮೃತಶಿಲೆ ಅನ್ನಿಸುವ ಹಾಗೆ ಬಣ್ಣ ಹೊಡೆದಿದ್ದಾರೆ. ಯಾವ ಜಾಗದಲ್ಲಿ ನಿಂತರೂ, ಕೂತರೂ, ಒಂದಲ್ಲ ಒಂದು ಹೊತ್ತಿನಲ್ಲಿ ಕಂಬ ಅಡ್ಡ ಬರುತ್ತದೆ. ಅಂಗಳದಲ್ಲಿದ್ದರೆ ಎರಡು ಹೆಜ್ಜೆ ಸರಿದರಾಯಿತು. ಗ್ಯಾಲರಿಯಲ್ಲಿ ದುಬಾರಿ ಸೀಟು ಹಿಡಿದವರಿಗೆ ಆ ಅನುಕೂಲ ಇಲ್ಲ.

ಇದು ಶೇಕ್ಸ್‌ಪಿಯರ್ ಕಾಲದ ಕಟ್ಟಡವೇ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲ ಗ್ಲೋಬ್ ಎದ್ದಿದ್ದು 1599ರಲ್ಲಿ. 1613ರಲ್ಲಿ ನಾಟಕದ ನಡುವೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಗುಲಿ ಪೂರ್ತಿ ಸುಟ್ಟುಹೋಯಿತು. ಮರುವರ್ಷವೇ ಮತ್ತೆ ಕಟ್ಟಿದರು. 1642ರಲ್ಲಿ ಪಾರ್ಲಿಮೆಂಟು ನಾಟಕಗಳನ್ನೇ ನಿಲ್ಲಿಸಿತು. ಈಗಿನದು ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟ ವರ್ಷಗಟ್ಟಲೆ ಹಟ ಹಿಡಿದು ಓಡಾಡಿದ್ದರ ಫಲ. ತೆರೆದಿದ್ದು 1997ರಲ್ಲಿ. ಪಾಪ, ಅವರು 1993ರಲ್ಲೇ ತೀರಿಕೊಂಡಿದ್ದರು. ಹಳೇ ಜಾಗ ಇಲ್ಲಿಂದ ನಡೆಯುವ ದೂರದಲ್ಲೇ ಇದೆ. ಹೊಸದನ್ನು ಓಕ್ ಮರದಲ್ಲಿ, ಮರದ ಗೂಟಗಳನ್ನೇ ಬಡಿದು ಜೋಡಿಸಿದ್ದಾರೆ. ಗ್ಯಾಲರಿಯ ಮೆಟ್ಟಿಲ ಬಳಿ ಒಂದು ಕಂಬಕ್ಕೆ ಕೈ ಇಟ್ಟು ನೋಡಿದೆ. ಮರ ಒಣಗುತ್ತಾ ಉದ್ದಕ್ಕೆ ಸೀಳು ಬಿಟ್ಟಿತ್ತು, ಗೂಟದ ತಲೆ ಬೆರಳಿಗೆ ಸಿಗುವಷ್ಟು ಹೊರಗೆ ಉಳಿದಿತ್ತು. 1666ರ ದೊಡ್ಡ ಬೆಂಕಿ ಅನಾಹುತ ಆದ ಮೇಲೆ ಲಂಡನ್ನಿನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ್ದು ಇದಕ್ಕೇ ಮೊದಲಂತೆ. ಬೆಂಕಿ ಆರಿಸೋಕೆ ಮಾಡಿನುದ್ದಕ್ಕೂ ನೀರಿನ ಪೈಪ್ ಇದೆ.

ಲೈಟಿನವನಾಗಿ ನನಗೆ ದೊಡ್ಡ ಪಾಠ ಸಿಕ್ಕಿದ್ದು ಬೆಳಕಿನ ವಿಷಯದಲ್ಲಿ. ಮಧ್ಯಾಹ್ನದ ಆಟಕ್ಕೆ ಹಗಲ ಬೆಳಕೇ ಬೆಳಕು. ಪ್ರೇಕ್ಷಕರೂ ನಟರೂ ಒಂದೇ ಬೆಳಕಿನಲ್ಲಿ. ನಮ್ಮಲ್ಲಿ ಜನರನ್ನು ಕತ್ತಲಲ್ಲಿ ಕೂರಿಸಿ ನಟನ ಮೇಲೆ ಸ್ಪಾಟ್ ಬಿಡುತ್ತೇವೆ, ಅವನಿಗೆ ಎದುರಿಗಿರುವ ಒಂದು ಮುಖವೂ ಕಾಣುವುದಿಲ್ಲ. ಇಲ್ಲಿ ಎಲ್ಲರ ಮುಖವೂ ಕಾಣುತ್ತದೆ. ಒಂದು ದೃಶ್ಯದಲ್ಲಿ ವಿದೂಷಕ ಬಂದು ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಕಾಗದವೊಂದನ್ನು ಒಡೆಯನಿಗೆ ಕೊಡಲೋ ಬೇಡವೋ ಅಂತ ಅವನಿಗೆ ಗೊಂದಲ. ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರನ್ನು ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. ಅವರು ಗಂಭೀರವಾಗಿ ಬೇಡ ಅಂತ ತಲೆಯಾಡಿಸಿದರು. ಅವನು ಕಾಗದ ಮಡಚಿ ಟೋಪಿಯೊಳಗೆ ಇಟ್ಟುಕೊಂಡ. ಮೂರೂ ಗ್ಯಾಲರಿ ನಕ್ಕಿತು. ಆ ಹಿರಿಯರು ಆಮೇಲೆ ನಾಟಕ ಮುಗಿಯುವವರೆಗೂ ಒಂದು ಪಾತ್ರವೇ ಆಗಿಬಿಟ್ಟರು.

ನಮ್ಮ ಕಡೆಯ ಒಂದು ಹಾಲ್‌ನಲ್ಲಿ ಮುಂದಿನ ಜಾಗವನ್ನೆಲ್ಲ ಗಣ್ಯರ ಸೋಫಾಗಳೇ ತುಂಬಿರುತ್ತವೆ. ಅರ್ಧದಷ್ಟು ಖಾಲಿ. ನಟ ಆ ಖಾಲಿ ಸೋಫಾಗಳನ್ನು ದಾಟಿಸಿ ಮಾತು ತಲುಪಿಸಬೇಕು. ಇಲ್ಲಿ ಉಲ್ಟಾ. ಅತ್ಯಂತ ಅಗ್ಗದ ಟಿಕೆಟ್‌ನವರೇ ರಂಗಕ್ಕೆ ಅತ್ಯಂತ ಹತ್ತಿರ. ಹಳೇ ಕಾಲದಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ಅಂಗಳ ಸಿಗುತ್ತಿತ್ತು. ಹೊಸ ಗ್ಲೋಬ್‌ನಲ್ಲೂ ತುಂಬ ವರ್ಷ 5 ಪೌಂಡ್‌ಗೇ ಇತ್ತು. ಲಂಡನ್ನಿನ ಬೇರೆ ನಾಟಕಗಳ ಮುಂದೆ ಈಗಲೂ ಕಡಿಮೆಯೇ. ಹಣವಿಲ್ಲದ ವಿದ್ಯಾರ್ಥಿಗೆ ಮುಂದಿನ ಜಾಗ ಕೊಡುವ ರಂಗಮಂದಿರವನ್ನು ನಾನಂತೂ ಮನಸಾರೆ ಮೆಚ್ಚುತ್ತೇನೆ.

ಎಲ್ಲಿ ನಿಲ್ಲಬೇಕು ಅಂತ ಕೇಳಿದರೆ, ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತು ನೇರ ರಂಗದ ಅಂಚಿಗೆ ಹೋಗಿ. ಅಂಚು ಹೆಗಲ ಮಟ್ಟಕ್ಕಿದೆ, ಮೊಳಕೈ ಊರಬಹುದು, ಅರ್ಧ ಆಯಾಸ ಅಲ್ಲೇ ಕಡಿಮೆ. ಪಕ್ಕದಲ್ಲಿ ನಿಂತರೂ ಚಂದ, ನಟರ ಬೆನ್ನೂ ಅಭಿನಯಿಸುವುದು ಕಾಣುತ್ತದೆ. ಗ್ಯಾಲರಿಯ ಸೂರಿನಂಚಿಗೆ ಸರಿಯಾಗಿ ನಿಲ್ಲಬೇಡಿ, ಮಳೆ ನಿಂತ ಮೇಲೂ ಹುಲ್ಲಿನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಮಂಡಿನೋವು ಇದ್ದವರು, ಪುಟ್ಟ ಮಕ್ಕಳ ಜೊತೆ ಹೋಗುವವರು ಮಧ್ಯದ ಗ್ಯಾಲರಿ ತಗೊಳ್ಳಿ. ಬರೀ ಮರದ ಬೆಂಚು, ದಿಂಬು ಬಾಡಿಗೆಗೆ ಸಿಗುತ್ತದೆ, ಸುಮ್ನೆ ತಗೊಂಡುಬಿಡಿ. ಬಯಲು ರಂಗದ ಆಟಗಳು ಹೆಚ್ಚಾಗಿ ಬೇಸಿಗೆಯಲ್ಲೇ. ಚಳಿಗಾಲದಲ್ಲಿ ಹೋದರೆ ಪಕ್ಕದಲ್ಲೇ ಮೇಣದಬತ್ತಿ ಬೆಳಕಿನ ಪುಟ್ಟ ಒಳರಂಗ ಇದೆ, ವಾನಮೇಕರ್ ಹೆಸರಿನದು. ನಾಟಕಕ್ಕೆ ಸಮಯವಿಲ್ಲದವರಿಗೆ ಕಟ್ಟಡ ತೋರಿಸುವ ಟೂರ್ ಕೂಡ ಇದೆ. ಆದರೆ ಅಂಗಳ ತುಂಬಿದಾಗ ನೋಡುವುದೇ ಬೇರೆ, ಆದಷ್ಟೂ ನಾಟಕದ ದಿನವೇ ಹೋಗಿ.